ಲಿಟಲ್ ರಿಚರ್ಡ್: ಇಪ್ಪತ್ತೈದು ತಿಂಗಳು ಹಾಡಿ ಎದ್ದು ಹೋದವನ ಬಗ್ಗೆ ಮಾತಾಡೋಣ

ಹಳೇಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಲ್ವಿಸ್ ಬಗ್ಗೆ, ಬೀಟಲ್ಸ್ ಬಗ್ಗೆ ಬೇಕಾದಷ್ಟು ಮಾತಾಗಿದೆ. ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಬಗ್ಗೆ ಹುಡುಕಿದರೆ ಒಂದು ಚರ್ಚೆಯೂ ಸಿಗಲಿಲ್ಲ. ಅದಕ್ಕೇ ನಾನೇ ಶುರು ಮಾಡುತ್ತಿದ್ದೇನೆ.

ನಾನು ಅವನ ದನಿ ಮೊದಲು ಕೇಳಿದ್ದು 1994ರಲ್ಲಿ, ಫುಟ್‌ಪಾತ್ ಮೇಲೆ ಕೊಂಡ ಒಂದು ಕ್ಯಾಸೆಟ್‌ನಲ್ಲಿ. ಐವತ್ತರ ದಶಕದ ಬೇರೆ ಬೇರೆಯವರ ಹಾಡುಗಳನ್ನು ಒಟ್ಟಿಗೆ ಹಾಕಿದ್ದರು. ಬೇರೆಲ್ಲ ಹಾಡುಗಳು ಗಿಟಾರ್‌ನಿಂದಲೋ ಪಿಯಾನೋದಿಂದಲೋ ಶುರುವಾಗುತ್ತಿದ್ದವು. ಇವನದು ಮಾತ್ರ ಬರೀ ಗಂಟಲಿನಿಂದ. ವಾದ್ಯ ಇಲ್ಲ, ತಾಳ ಇಲ್ಲ. ಅರ್ಥವಿಲ್ಲದ ಒಂದಷ್ಟು ಅಕ್ಷರ, ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ ಹಾಗೆ. ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ಬಂದು ಬಿದ್ದವು. ಆ ಜಾಗಕ್ಕೆ ಬಂದಾಗಲೆಲ್ಲ ನನ್ನ ಟೇಪ್ ರೆಕಾರ್ಡರಿನ ಸ್ಪೀಕರ್ ಗರ್ ಅನ್ನುತ್ತಿತ್ತು. ರಿವೈಂಡ್ ಮಾಡಿ ಮಾಡಿ ಆ ಒಂದು ಜಾಗದಲ್ಲೇ ಟೇಪು ಸವೆದಿತ್ತು. ಹಾಡು 'ಟುಟಿ ಫ್ರೂಟಿ'.

ಅವನ ನಿಜವಾದ ಹೆಸರು ರಿಚರ್ಡ್ ವೇಯ್ನ್ ಪೆನಿಮನ್. ಹುಟ್ಟಿದ್ದು 1932ರ ಡಿಸೆಂಬರ್ 5, ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಊರಿನಲ್ಲಿ. ತೀರಿಕೊಂಡಿದ್ದು 2020ರ ಮೇ 9ರಂದು, 87ನೇ ವಯಸ್ಸಿನಲ್ಲಿ. ಈಗ ಲೆಕ್ಕ ನೋಡಿ. ಅವನ ದೊಡ್ಡ ಹಾಡುಗಳೆಲ್ಲ ಬಂದಿದ್ದು 1955ರ ಸೆಪ್ಟೆಂಬರ್‌ನಿಂದ 1957ರ ಅಕ್ಟೋಬರ್ ಒಳಗೆ. 'ಲಾಂಗ್ ಟಾಲ್ ಸ್ಯಾಲಿ', 'ರಿಪ್ ಇಟ್ ಅಪ್', 'ರೆಡಿ ಟೆಡಿ', 'ಲೂಸಿಲ್', 'ಜೆನ್ನಿ ಜೆನ್ನಿ', 'ಕೀಪ್ ಎ ನಾಕಿಂಗ್' ಎಲ್ಲಾ ಅದೇ ಅವಧಿಯವು. 'ಗುಡ್ ಗಾಲಿ ಮಿಸ್ ಮಾಲಿ' ಹೊರಗೆ ಬಂದಿದ್ದು 1958ರಲ್ಲಿ, ಆದರೆ ಹಾಡಿಟ್ಟಿದ್ದು ಮೊದಲೇ. ಅಂದರೆ ಬರೀ ಇಪ್ಪತ್ತೈದು ತಿಂಗಳು.

ಆಮೇಲೆ ಆಸ್ಟ್ರೇಲಿಯಾ ಪ್ರವಾಸದ ಮಧ್ಯದಲ್ಲಿ, ರಾಕ್ ಗಾಯಕರಾದ ಜೀನ್ ವಿನ್ಸೆಂಟ್ ಮತ್ತು ಎಡ್ಡಿ ಕಾಕ್ರನ್ ಜೊತೆಗಿದ್ದಾಗ, ಇನ್ನು ಈ ಸಂಗೀತ ಬೇಡ, ದೇವರ ಕೆಲಸ ಮಾಡುತ್ತೇನೆ ಅಂದುಬಿಟ್ಟ. ಸಿಡ್ನಿಯಲ್ಲಿ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಹಾದು ಹೋಗಿದ್ದನ್ನು ಕಂಡೆ ಅಂತ ಹೇಳಿದ. ರಷ್ಯಾದವರು ಸ್ಪುಟ್ನಿಕ್ ಹಾರಿಸಿ ಆಗಿನ್ನೂ ಕೆಲವೇ ದಿನ ಆಗಿತ್ತು. ಬೆರಳಿನ ಉಂಗುರಗಳನ್ನು ತೆಗೆದು ನೀರಿಗೆ ಎಸೆದ. ವಾಪಸ್ ಬಂದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿರುವ ಓಕ್‌ವುಡ್ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದಲು ಸೇರಿದ. ಆಗ ವಯಸ್ಸು ಇನ್ನೂ 25 ತುಂಬಿರಲಿಲ್ಲ.

ನನ್ನ ಪ್ರಶ್ನೆ ಇದು. ಯಾಕೆ ಹೀಗೆ ಮಾಡಿದ? ಮೂವತ್ತು ವರ್ಷದಿಂದ ನನಗೆ ಇದು ಕಾಡುತ್ತಿದೆ. ಇನ್ನು ಐದೇ ವರ್ಷ ಹಾಡಿದ್ದರೆ ಏನೆಲ್ಲ ಬರುತ್ತಿತ್ತೋ ಅಂತ ಹೊಟ್ಟೆ ಉರಿಯುತ್ತದೆ. ತಿಳಿದವರು ಹೇಳಿ.

ಮೈಸೂರು_ಡ್ರಮ್ಮರ್

ಯಾಕೆ ಬಿಟ್ಟ ಅನ್ನುವುದು ಆಮೇಲೆ. ಅಷ್ಟರಲ್ಲಿ ಏನು ಮಾಡಿಟ್ಟು ಹೋದ ಅನ್ನುವುದನ್ನು ಮೊದಲು ಹೇಳಬೇಕು. ಜನ ಅವನ ಕೂದಲು, ಕಾಡಿಗೆ, ಕಿರುಚಾಟ ಇಷ್ಟನ್ನೇ ನೆನಪಿಡುತ್ತಾರೆ. ಅವನ ಬಲಗೈ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾನು ಚಿಕ್ಕವನಿದ್ದಾಗ ಮೃದಂಗ ಕಲಿತವನು, ಆಮೇಲೆ ಡ್ರಮ್ಸ್‌ಗೆ ಬಂದೆ. ಅದಕ್ಕೆ ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಅವನಿಗಿಂತ ಮುಂಚೆ ಆ ಕಡೆಯ ಡ್ರಮ್ಮರ್‌ಗಳು ಜಾಸ್ತಿ ಬಾರಿಸುತ್ತಿದ್ದದ್ದು ಶಫಲ್. ಶಫಲ್ ಅಂದರೆ ತಿಶ್ರ ನಡೆ ಅಂದುಕೊಳ್ಳಿ. ತ ಕಿ ಟ, ತ ಕಿ ಟ. ಅದರಲ್ಲಿ ಮಧ್ಯದ 'ಕಿ' ಬಾರಿಸದೆ ಬಿಡಿ. ತ...ಟ ತ...ಟ ಅಂತ ತೂಗಾಡಿಕೊಂಡು ನಡೆಯುತ್ತದೆ. ಕೇಳಲು ಹಿತ, ಕುಣಿಯಲೂ ಹಿತ.

ರಿಚರ್ಡ್ ಪಿಯಾನೋ ಮುಂದೆ ನಿಂತು ಬಲಗೈಯಲ್ಲಿ ಕುಟ್ಟುತ್ತಿದ್ದದ್ದು ಸಮ ಪೆಟ್ಟು. ತಕ ತಕ ತಕ ತಕ. ಚತುರಶ್ರ. ತೂಗಾಟ ಇಲ್ಲ, ಸುಮ್ನೆ ಮುಂದಕ್ಕೆ ನುಗ್ಗುವುದು. ನ್ಯೂ ಆರ್ಲಿಯನ್ಸ್‌ನ ಡ್ರಮ್ಮರ್ ಅರ್ಲ್ ಪಾಮರ್ ಈ ಹಾಡುಗಳಿಗೆ ಬಾರಿಸಿದವರು. ಆಮೇಲೆ ಎಲ್ಲರೂ ರಾಕ್ ಅಂಡ್ ರೋಲ್ ಬೀಟ್ ಅಂತ ಕರೆದದ್ದನ್ನು ತಾನು ಬಾರಿಸಲು ಶುರು ಮಾಡಿದ್ದೇ ರಿಚರ್ಡ್‌ನ ಬಲಗೈಗೆ ಹೊಂದಿಕೊಳ್ಳಲು ಅಂತ ಅವರೇ ಹೇಳಿದ್ದಾರೆ. ಹತ್ತೂ ಬೆರಳಲ್ಲಿ ಅಷ್ಟು ಜೋರಾಗಿ ಕುಟ್ಟುವವನ ಎದುರು ಬೇರೆ ನಡೆ ಬಾರಿಸುವುದು ಆಗದ ಕೆಲಸ.

ಇದನ್ನು ನೀವೇ ಕೇಳಿ ನೋಡಬಹುದು. 'ಟುಟಿ ಫ್ರೂಟಿ' ಹಾಕಿ. ಪಿಯಾನೋ ಸಮಕ್ಕೆ ಎಳೆಯುತ್ತದೆ, ಡ್ರಮ್ಸ್ ಇನ್ನೂ ತಿಶ್ರದ ಕಡೆ ತೂಗುತ್ತದೆ. ಎರಡೂ ಹಗ್ಗಜಗ್ಗಾಟ ಆಡುತ್ತವೆ. ಅದರ ಹಿಂದೆಯೇ 'ಲೂಸಿಲ್' ಹಾಕಿ. ಅಷ್ಟರಲ್ಲಿ ಜಗಳ ಮುಗಿದಿದೆ. ಎಲ್ಲರೂ ರಿಚರ್ಡ್‌ನ ಬಲಗೈ ಹಿಂದೆ ನಡೆದಿದ್ದಾರೆ. ಇವತ್ತು ನೀವು ಕೇಳುವ ಯಾವುದೇ ರಾಕ್ ಹಾಡಿನ ಕೆಳಗೆ ಓಡುವ ಆ ಸಮ ನಡೆ, ಈ ಎರಡು ಹಾಡುಗಳ ಮಧ್ಯದ ಕಾಲದಲ್ಲಿ ಗಟ್ಟಿಯಾಯಿತು ಅನ್ನುವುದು ನನ್ನ ನಂಬಿಕೆ.

ನೀಲಿತಟ್ಟೆ

ಡ್ರಮ್ಮರ್ ಅವರೇ, 'ಕೀಪ್ ಎ ನಾಕಿಂಗ್' ಶುರುವಿನ ಡ್ರಮ್ಸ್ ಮರೆತಿರಾ?

ಮೈಸೂರು_ಡ್ರಮ್ಮರ್

ಮರೆಯಲು ಸಾಧ್ಯವೇ? ಅದು ಅರ್ಲ್ ಪಾಮರ್ ಅಲ್ಲ, ರಿಚರ್ಡ್‌ನ ಸ್ವಂತ ಬ್ಯಾಂಡ್ 'ದಿ ಅಪ್‌ಸೆಟರ್ಸ್'ನ ಚಾರ್ಲ್ಸ್ ಕಾನರ್. 1971ರಲ್ಲಿ ಲೆಡ್ ಜೆಪ್ಪೆಲಿನ್‌ನ ಜಾನ್ ಬಾನಮ್ 'ರಾಕ್ ಅಂಡ್ ರೋಲ್' ಹಾಡನ್ನು ಶುರು ಮಾಡಿದ್ದು ಅದೇ ಪೆಟ್ಟುಗಳಿಂದ. ಇನ್ನೊಂದು ವಿಷಯ. 'ಕೀಪ್ ಎ ನಾಕಿಂಗ್' ರೆಕಾರ್ಡ್ ಆಗಿದ್ದು ಒಂದು ನಿಮಿಷಕ್ಕೂ ಕಡಿಮೆ. ಕಂಪನಿಗೆ ಹಾಡು ಬೇಕಿತ್ತು. ಅದೇ ತುಂಡನ್ನು ಕತ್ತರಿಸಿ ಮತ್ತೆ ಮತ್ತೆ ಅಂಟಿಸಿ ಎರಡು ನಿಮಿಷ ದಾಟಿಸಿದರು. ಅದೂ ಹಿಟ್ ಆಯಿತು.

ಹೊಸಕೇಳುಗ

ನಾನು ಈಗಷ್ಟೇ ಮೊದಲ ಸಲ ಕೇಳಿದೆ, ವಿಡಿಯೋ ಕೂಡ ನೋಡಿದೆ. ಒಂದು ಅಡಿ ಎತ್ತರದ ಕೂದಲು, ಮುಖಕ್ಕೆ ಪೌಡರು, ಕಣ್ಣಿಗೆ ಕಾಡಿಗೆ, ಸಣ್ಣ ಮೀಸೆ. ಒಂದು ಕಾಲು ಪಿಯಾನೋ ಮೇಲಿಟ್ಟುಕೊಂಡು ಬಾರಿಸುತ್ತಾನೆ. 1956ರಲ್ಲಿ, ಅದೂ ಅಮೆರಿಕದ ದಕ್ಷಿಣದಲ್ಲಿ, ಒಬ್ಬ ಕಪ್ಪು ಹುಡುಗ ಹೀಗೆ ವೇದಿಕೆ ಹತ್ತಲು ಹೇಗೆ ಬಿಟ್ಟರು? ಭಯ ಆಗಲಿಲ್ಲವಾ ಅವನಿಗೆ?

ಅಟ್ಲಾಂಟಾ_ಕನ್ನಡತಿ

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ನಾನು ಅಟ್ಲಾಂಟಾದಲ್ಲಿ ಇದ್ದೇನೆ. ಮೇಕನ್ ಇಲ್ಲಿಂದ ಸುಮಾರು 135 ಕಿಲೋಮೀಟರ್, ಒಂದೂವರೆ ಗಂಟೆ ದಾರಿ. ಬೇರೆಯವರು ಮಾರ್ಚ್‌ನಲ್ಲಿ ಚೆರ್ರಿ ಹೂವು ನೋಡಲು ಹೋಗುತ್ತಾರೆ. ನಾನು ರಿಚರ್ಡ್ ಬೆಳೆದ ಮನೆ ನೋಡಲು ಹೋಗಿದ್ದೆ.

ಪ್ಲೆಸೆಂಟ್ ಹಿಲ್ ಅನ್ನುವ ಬಡಾವಣೆ. ಕಪ್ಪು ಜನ ಕಟ್ಟಿಕೊಂಡ ಹಳೇ ಕೇರಿ. ಅರವತ್ತರ ದಶಕದಲ್ಲಿ ಹೆದ್ದಾರಿ ಅದರ ಮಧ್ಯದಲ್ಲೇ ಹಾದು ಹೋಗಿ ಎರಡು ಹೋಳು ಮಾಡಿದೆ. ಈಚೆಗೆ ಅದೇ ರಸ್ತೆಯನ್ನು ಅಗಲ ಮಾಡಲು ಹೊರಟಾಗ ರಿಚರ್ಡ್ ಮನೆ ಅಡ್ಡ ಬಂತು. ಕೆಡವಲಿಲ್ಲ. ಮನೆಯನ್ನೇ ಎತ್ತಿ ಬೇರೆ ಬೀದಿಗೆ ತಂದು ಇಟ್ಟರು. ಈಗ ಅದು ಆ ಕೇರಿಯ ಜನರ ಕೇಂದ್ರ. ಚಿಕ್ಕ ಮನೆ. ಹನ್ನೆರಡು ಮಕ್ಕಳಲ್ಲಿ ಇವನು ಮೂರನೆಯವನು. ಅಷ್ಟು ಜನ ಒಳಗೆ ಎಲ್ಲಿ ಮಲಗುತ್ತಿದ್ದರು ಅಂತ ನಾನು ಬಾಗಿಲಲ್ಲೇ ನಿಂತು ಯೋಚಿಸಿದೆ.

ಅಪ್ಪ ಬಡ್ ಪೆನಿಮನ್ ಚರ್ಚಿನ ಹಿರಿಯ, ಜೊತೆಗೆ ಕಳ್ಳಭಟ್ಟಿ ಮಾರುತ್ತಿದ್ದ, ಒಂದು ಕ್ಲಬ್ ಕೂಡ ಇಟ್ಟಿದ್ದ. ರಿಚರ್ಡ್‌ಗೆ ಹುಟ್ಟಿನಿಂದಲೇ ಒಂದು ಕಾಲು ಗಿಡ್ಡ, ಅದಕ್ಕೆ ನಡಿಗೆ ಬೇರೆ ಥರ. ಅಮ್ಮನ ಪೌಡರು ಹಚ್ಚಿಕೊಳ್ಳುತ್ತಿದ್ದ. ಊರ ಹುಡುಗರು ಆಡಿಕೊಳ್ಳುತ್ತಿದ್ದರು, ಹೊಡೆಯುತ್ತಿದ್ದರು. ಅಪ್ಪನಿಗೂ ಸಹಿಸಲು ಆಗಲಿಲ್ಲ, ಮನೆಯಿಂದ ಹೊರಗೆ ಹಾಕಿದ. ಆಗ ಅವನನ್ನು ಇಟ್ಟುಕೊಂಡಿದ್ದು ಆನ್ ಮತ್ತು ಜಾನಿ ಜಾನ್ಸನ್ ಅನ್ನುವ ಬಿಳಿಯ ದಂಪತಿ. ಮೇಕನ್‌ನಲ್ಲಿ ಅವರದೊಂದು ಕ್ಲಬ್ ಇತ್ತು. 'ಮಿಸ್ ಆನ್' ಅಂತ ಆಮೇಲೆ ಅವನು ಒಂದು ಹಾಡೇ ಮಾಡಿದ.

ಹದಿಹರೆಯದಲ್ಲೇ ಊರೂರು ಸುತ್ತುವ ತಂಡಗಳ ಜೊತೆ ಹೋದ. ಎಣ್ಣೆ ಔಷಧಿ ಮಾರುವವರು ಜನ ಸೇರಿಸಲು ಆಡಿಸುವ ಆಟದಲ್ಲಿ ಹಾಡಿದ. ಇನ್ನೊಂದು ತಂಡದಲ್ಲಿ ಹೆಣ್ಣು ವೇಷ ಹಾಕಿ 'ಪ್ರಿನ್ಸೆಸ್ ಲಾವೋನ್' ಅಂತ ಹೆಸರಿಟ್ಟುಕೊಂಡ. ಅಟ್ಲಾಂಟಾದ ಗಾಯಕ ಬಿಲ್ಲಿ ರೈಟ್‌ನಿಂದ ಎತ್ತರದ ಕೂದಲು, ಮೇಕಪ್ಪು ಕಲಿತ. ಎಸ್ಕೆರಿಟಾ ಅನ್ನುವವನಿಂದ ಪಿಯಾನೋ ಹಿಡಿತ ಕಲಿತ.

ಹೊಸಕೇಳುಗ ಅವರು ಭಯ ಆಗಲಿಲ್ಲವಾ ಅಂತ ಕೇಳಿದರಲ್ಲ, ಇದನ್ನು ಗಮನಿಸಿ. 14 ವರ್ಷದ ಎಮೆಟ್ ಟಿಲ್‌ನನ್ನು ಮಿಸಿಸಿಪ್ಪಿಯಲ್ಲಿ ಕೊಂದಿದ್ದು 1955ರ ಆಗಸ್ಟ್ 28ರಂದು. ಬಿಳಿಯ ಹೆಂಗಸೊಬ್ಬಳ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನುವ ಆರೋಪದ ಮೇಲೆ. 'ಟುಟಿ ಫ್ರೂಟಿ' ರೆಕಾರ್ಡ್ ಆಗಿದ್ದು ಅದಾಗಿ ಮೂರು ವಾರವೂ ಆಗುವ ಮುಂಚೆ, ಸೆಪ್ಟೆಂಬರ್ 14ಕ್ಕೆ. ಮುಂದಿನ ವರ್ಷ ಬಿಳಿಯ ಹುಡುಗಿಯರು ಇವನ ವೇದಿಕೆಗೆ ನುಗ್ಗುತ್ತಿದ್ದರು. ಮೇಕಪ್ಪು ಹಾಕಿದ್ದರಿಂದ ಬಿಳಿಯ ಗಂಡಸರಿಗೆ ತಾನು ಅಪಾಯ ಅನ್ನಿಸುತ್ತಿರಲಿಲ್ಲ, ಹಾಗಾಗಿ ಬಿಳಿಯರ ಕ್ಲಬ್ಬುಗಳಲ್ಲಿ ಹಾಡಲು ಸುಲಭ ಆಯಿತು ಅಂತ ಅವನೇ ಹೇಳಿದ್ದಾನೆ. ಅಂದರೆ ಆ ಕಾಡಿಗೆ ಬರೀ ಅಲಂಕಾರ ಆಗಿರಲಿಲ್ಲ. ಜೀವ ಉಳಿಸಿಕೊಳ್ಳುವ ದಾರಿಯೂ ಆಗಿತ್ತು.

ಹೊಸಕೇಳುಗ

ಇದು ಗೊತ್ತಿರಲಿಲ್ಲ. ವಿಡಿಯೋ ಮತ್ತೆ ನೋಡುತ್ತೇನೆ. ಈಗ ಬೇರೆ ಥರ ಕಾಣಬಹುದು.

ಹಳೇಕ್ಯಾಸೆಟ್

ಅಟ್ಲಾಂಟಾ ಅವರೇ, ತುಂಬಾ ಥ್ಯಾಂಕ್ಸ್. ಆ ಸೆಪ್ಟೆಂಬರ್ 14ರ ದಿನದ ಬಗ್ಗೆ ನಾನು ಹೇಳಲೇಬೇಕು. ನನಗೆ ಅವನ ಬದುಕಿನಲ್ಲಿ ತುಂಬಾ ಇಷ್ಟವಾದ ದಿನ ಅದು.

ಅದಕ್ಕೂ ಮುಂಚೆ ಸಾಕಷ್ಟು ಸೋತಿದ್ದ. 1951ರಿಂದಲೇ ಆರ್‌ಸಿಎ ವಿಕ್ಟರ್‌ಗೆ, ಆಮೇಲೆ ಹ್ಯೂಸ್ಟನ್‌ನ ಪೀಕಾಕ್ ಕಂಪನಿಗೆ ಹಾಡಿದ್ದ. ದೊಡ್ಡದಾಗಿ ಏನೂ ಆಗಲಿಲ್ಲ. 1952ರಲ್ಲಿ ಅಪ್ಪನನ್ನು ಅವನದೇ ಕ್ಲಬ್ ಹೊರಗೆ ಗುಂಡಿಟ್ಟು ಕೊಂದರು. ಸಂಸಾರದ ಭಾರ ಇವನ ಮೇಲೆ ಬಿತ್ತು. ಮೇಕನ್‌ನ ಗ್ರೇಹೌಂಡ್ ಬಸ್ ನಿಲ್ದಾಣದ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ರಾಶಿ ರಾಶಿ ಪಾತ್ರೆ ತಂದು ಮುಂದೆ ಹಾಕುತ್ತಿದ್ದರು. ಯಜಮಾನನಿಗೆ ಎದುರು ಮಾತಾಡುವ ಹಾಗಿಲ್ಲ. ಬಾಯಿಗೆ ಬಂದಿದ್ದನ್ನು ಹೇಳುವ ಬದಲು ಅರ್ಥವಿಲ್ಲದ ಆ ಅಕ್ಷರಗಳನ್ನು ಕೂಗಿಕೊಳ್ಳುತ್ತಿದ್ದೆ ಅಂತ ಆಮೇಲೆ ಹೇಳಿದ್ದಾನೆ. 'ಟುಟಿ ಫ್ರೂಟಿ'ಯ ಮೊದಲ ಸಾಲು ಅದೇ. ನನ್ನ ಕ್ಯಾಸೆಟ್‌ನಲ್ಲಿ ಸವೆದು ಹೋದ ಜಾಗ ಅದೇ. ಇದು ಗೊತ್ತಾದ ಮೇಲೆ ನಾನು ಅದನ್ನು ಅರ್ಥವಿಲ್ಲದ ಮಾತು ಅಂತ ಕರೆಯುವುದನ್ನು ಬಿಟ್ಟೆ. ಬೈಗುಳ ನುಂಗಿದವನ ಗಂಟಲು ಅದು.

ಗಾಯಕ ಲಾಯ್ಡ್ ಪ್ರೈಸ್ ಸಲಹೆ ಕೊಟ್ಟ ಮೇಲೆ ಲಾಸ್ ಏಂಜಲಿಸ್‌ನ ಸ್ಪೆಷಾಲ್ಟಿ ಕಂಪನಿಗೆ ಒಂದು ಟೇಪು ಕಳಿಸಿದ. ತಿಂಗಳುಗಟ್ಟಲೆ ಕಾದ ಮೇಲೆ ಕರೆ ಬಂತು. ನ್ಯೂ ಆರ್ಲಿಯನ್ಸ್‌ನಲ್ಲಿ ಕಾಸಿಮೊ ಮಟಾಸಾ ಅವರ ಸ್ಟುಡಿಯೋ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್. ಹಾಡಿದ್ದೆಲ್ಲ ಸಪ್ಪೆ. ನೋಡಲು ಹೀಗಿದ್ದಾನೆ, ಹಾಡುವುದು ಮಾತ್ರ ಮುದುಡಿಕೊಂಡು ಅಂತ ಬ್ಲ್ಯಾಕ್‌ವೆಲ್‌ಗೆ ಬೇಸರ. ಊಟಕ್ಕೆ ಅಂತ ಡ್ಯೂ ಡ್ರಾಪ್ ಇನ್ ಅನ್ನುವ ಕ್ಲಬ್ಬಿಗೆ ಹೋದರು. ಅಲ್ಲಿ ಪಿಯಾನೋ ಕಂಡಿತು, ಎದುರಿಗೆ ಜನ ಕಂಡರು. ರಿಚರ್ಡ್ ಹೋಗಿ ಕುಟ್ಟಲು ಶುರು ಮಾಡಿದ. ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಒಂದು ಪೋಲಿ ಹಾಡು. ಬ್ಲ್ಯಾಕ್‌ವೆಲ್ ಎದ್ದು ನಿಂತ. ಇದೇ ಬೇಕು!

ಆದರೆ ಆ ಸಾಲುಗಳನ್ನು ರೇಡಿಯೋದಲ್ಲಿ ಹಾಕಲು ಆಗುವುದಿಲ್ಲ. ಡೊರೋಥಿ ಲಾಬೊಸ್ಟ್ರೀ ಅನ್ನುವ ಹುಡುಗಿ ಹಾಡು ಬರೆಯುತ್ತಿದ್ದಳು, ಅವಳನ್ನು ಕರೆಸಿದರು. ಅವಳ ಎದುರು ಆ ಸಾಲು ಹಾಡಲು ರಿಚರ್ಡ್‌ಗೆ ನಾಚಿಕೆ. ಗೋಡೆ ಕಡೆ ಮುಖ ಮಾಡಿಕೊಂಡು ಹಾಡಿ ತೋರಿಸಿದನಂತೆ. ಜಗತ್ತಿನ ಮುಂದೆ ಯಾವ ಸಂಕೋಚವೂ ಇಲ್ಲದವನ ಹಾಗೆ ಮೆರೆದವನು ಒಬ್ಬ ಹುಡುಗಿಯ ಮುಂದೆ ಗೋಡೆಗೆ ತಿರುಗಿ ನಿಂತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ಮಾತಿನಿಂದ.

ಸಮಯ ಮುಗಿಯುತ್ತಾ ಬಂದಿತ್ತು. ಸ್ಟುಡಿಯೋದ ಪಿಯಾನೋ ವಾದಕನಿಗೆ ಕಲಿಸಲು ಪುರುಸೊತ್ತು ಇರಲಿಲ್ಲ. ರಿಚರ್ಡ್ ತಾನೇ ಕೂತ. ಸುಮಾರು ಹದಿನೈದು ನಿಮಿಷದಲ್ಲಿ ಮುಗಿಯಿತು. ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್, ಅಂದರೆ ಆಗಿನ ಕಪ್ಪು ಜನರ ಸಂಗೀತ) ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು.

ಲೆಕ್ಕಪತ್ರ

ಏರಿತು, ಸರಿ. ದುಡ್ಡು ಯಾರಿಗೆ ಹೋಯಿತು?

ಅದೇ ಹಾಡನ್ನು ಪ್ಯಾಟ್ ಬೂನ್ ಅನ್ನುವ ಬಿಳಿಯ ಗಾಯಕ ಮೆತ್ತಗೆ ಹಾಡಿದ. ಬಿಳಿಯರ ರೇಡಿಯೋಗಳು ಅದನ್ನೇ ಹಾಕಿದವು. ಪಾಪ್ ಪಟ್ಟಿಯಲ್ಲಿ ಬೂನ್ 12ನೇ ಸ್ಥಾನಕ್ಕೆ ಹೋದ, ರಿಚರ್ಡ್ ಅದಕ್ಕಿಂತ ಕೆಳಗೇ ಉಳಿದ. ಮುಂದಿನ ಹಾಡಿಗೆ ರಿಚರ್ಡ್ ಮತ್ತು ಬ್ಲ್ಯಾಕ್‌ವೆಲ್ ಒಂದು ಉಪಾಯ ಮಾಡಿದರು. ಬೂನ್ ನಾಲಿಗೆ ತಿರುಗದಷ್ಟು ವೇಗವಾಗಿ ಹಾಡುವುದು. 'ಲಾಂಗ್ ಟಾಲ್ ಸ್ಯಾಲಿ' ಅಷ್ಟು ಜೋರಾಗಿ ಓಡುವುದಕ್ಕೆ ಇದೂ ಒಂದು ಕಾರಣ. ಬೂನ್ ಅದನ್ನೂ ಹಾಡಿದ. ಆದರೆ ಈ ಸಲ ರಿಚರ್ಡ್ 6, ಬೂನ್ 8.

ಇನ್ನು ಒಪ್ಪಂದ. ಒಂದು ರೆಕಾರ್ಡ್ ಮಾರಿದರೆ ಅವನಿಗೆ ಸಿಗುತ್ತಿದ್ದದ್ದು ಅರ್ಧ ಸೆಂಟ್. 'ಟುಟಿ ಫ್ರೂಟಿ'ಯ ಪ್ರಕಟಣೆ ಹಕ್ಕನ್ನು 50 ಡಾಲರ್‌ಗೆ ಬರೆದುಕೊಟ್ಟಿದ್ದ. 1957ರ ನಂತರ ಕರಾರಿನಿಂದ ಬಿಡಿಸಿಕೊಳ್ಳಲು ಮುಂದಿನ ರಾಯಲ್ಟಿಯನ್ನೂ ಬಿಟ್ಟುಕೊಟ್ಟ. ಧರ್ಮದ ಹುಮ್ಮಸ್ಸಿನಲ್ಲಿ ಇದ್ದವನಿಗೆ ದುಡ್ಡು ಬೇಡ ಅನ್ನಿಸಿರಬಹುದು, ಆದರೆ ಅದನ್ನು ಬರೆಸಿಕೊಂಡವರು ಹುಮ್ಮಸ್ಸಿನಲ್ಲಿ ಇರಲಿಲ್ಲ. 1984ರಲ್ಲಿ ಕಂಪನಿ, ಅದರ ಮಾಲೀಕ ಆರ್ಟ್ ರೂಪ್, ಪ್ರಕಾಶಕರು ಎಲ್ಲರ ಮೇಲೂ 112 ಮಿಲಿಯನ್ ಡಾಲರ್‌ಗೆ ದಾವೆ ಹೂಡಿದ. 1986ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು.

ಹಳೇಕ್ಯಾಸೆಟ್ ಅವರೇ, ಯಾಕೆ ಬಿಟ್ಟ ಅಂತ ಕೇಳಿದಿರಿ. ಬೇರೆ ಕಾರಣಗಳು ಇರಬಹುದು. ಆದರೆ ಗೇಯುವವನು ನೀನು, ಉಣ್ಣುವವನು ಇನ್ನೊಬ್ಬ ಅನ್ನುವ ಕೆಲಸವನ್ನು ಬಿಟ್ಟು ಹೋಗುವುದು ಅಷ್ಟು ಕಷ್ಟ ಅಲ್ಲ, ಅಲ್ವಾ?

ನೀಲಿತಟ್ಟೆ

ಒಂದು ಭಿನ್ನಾಭಿಪ್ರಾಯ. ನನಗೆ ರಿಚರ್ಡ್ ಇಷ್ಟ. ಆದರೆ ಹಾಡಿನ ಬರವಣಿಗೆಯಲ್ಲಿ ಅದೇ ಕಾಲದ ರಾಕ್ ಗಾಯಕ ಚಕ್ ಬೆರ್ರಿ ಎಷ್ಟೋ ಮುಂದೆ. ಬೆರ್ರಿ ಹಾಡಿನಲ್ಲಿ ಒಂದು ಕಥೆ ಇರುತ್ತದೆ, ಊರು ಇರುತ್ತದೆ, ಕಾರು ಇರುತ್ತದೆ. ರಿಚರ್ಡ್‌ನದು ಅದೇ ಹುಡುಗಿ, ಅದೇ ಕೂಗು. ರಾಕ್ ಅಂಡ್ ರೋಲ್ ಹುಟ್ಟಿಸಿದವನು ನಾನೇ ಅಂತ ಕೊನೆಯವರೆಗೂ ಹೇಳಿಕೊಂಡಿದ್ದು ನನಗೆ ಸರಿ ಅನ್ನಿಸುವುದಿಲ್ಲ. ನ್ಯೂ ಆರ್ಲಿಯನ್ಸ್‌ನ ಪಿಯಾನೋ ಗಾಯಕ ಫ್ಯಾಟ್ಸ್ ಡಾಮಿನೋ ಮುಂಚೆಯೇ ಇದ್ದ.

ಮೈಸೂರು_ಡ್ರಮ್ಮರ್

ಬರವಣಿಗೆ ವಿಷಯ ಒಪ್ಪಿದೆ. ಹೇಳಿಕೊಂಡಿದ್ದರ ಬಗ್ಗೆ ಒಪ್ಪುವುದಿಲ್ಲ. 1988ರ ಗ್ರ್ಯಾಮಿ ಸಮಾರಂಭ ನೋಡಿ. ಹೊಸ ಕಲಾವಿದರ ಪ್ರಶಸ್ತಿ ಘೋಷಿಸಲು ಕರೆದಿದ್ದರು. ಲಕೋಟೆ ತೆರೆದು ಗೆದ್ದವನು ನಾನೇ ಅಂದ. ನೀವು ನನಗೆ ಇಷ್ಟು ವರ್ಷದಲ್ಲಿ ಒಂದು ಗ್ರ್ಯಾಮಿಯನ್ನೂ ಕೊಟ್ಟಿಲ್ಲ ಅಂದ. ಸಭೆ ನಗುತ್ತಾ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವನು ನಗಿಸಿದ, ಆದರೆ ಹೇಳಿದ್ದು ನಿಜ. 55 ವರ್ಷದ ಮನುಷ್ಯ ತನ್ನ ಬಾಕಿಯನ್ನು ತಾನೇ ಕೇಳಬೇಕಾಯಿತು. ಜೀವಮಾನ ಸಾಧನೆಯ ಗ್ರ್ಯಾಮಿ ಕೊಟ್ಟಿದ್ದು 1993ರಲ್ಲಿ. ಬೇರೆಯವರು ಹೇಳಿದ್ದರೆ ಅವನು ಯಾಕೆ ಹೇಳಿಕೊಳ್ಳುತ್ತಿದ್ದ?

ನೀಲಿತಟ್ಟೆ

ಆ ವಿಡಿಯೋ ನೋಡಿದ್ದೇನೆ, ಜಂಭ ಅಂದುಕೊಂಡಿದ್ದೆ. ಹೀಗೆ ಯೋಚಿಸಿರಲಿಲ್ಲ. ಸರಿ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಬೆರ್ರಿ ವಿಷಯ ಮಾತ್ರ ಬಿಡುವುದಿಲ್ಲ.

ಕ್ವಯರ್_ಹುಡುಗಿ

ನಾನು ಮಂಗಳೂರಿನವಳು, ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತೇನೆ. ಚರ್ಚೆ ಓದುತ್ತಾ ಒಂದು ವಿಷಯ ಮನಸ್ಸಿಗೆ ಬಂತು. ಎಲ್ಲರೂ ಅವನು ಸಂಗೀತ ಬಿಟ್ಟು ಚರ್ಚಿಗೆ ಹೋದ ಅನ್ನುತ್ತಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಬಂದಿದ್ದೇ ಅಲ್ಲಿಂದ.

ಎಲ್ಲರಿಗೂ ಇಷ್ಟವಾದ ಆ 'ವೂ' ಇದೆಯಲ್ಲ, ದನಿ ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರುವುದು? ಅದು ಅವನದಲ್ಲ. ಗಾಸ್ಪೆಲ್ (ಚರ್ಚಿನ ಭಕ್ತಿ ಸಂಗೀತ) ಗಾಯಕಿ ಮರಿಯನ್ ವಿಲಿಯಮ್ಸ್ ಅವರಿಂದ ಬಂದಿದ್ದು. ಅವರ ಹಳೇ ರೆಕಾರ್ಡ್ ಕೇಳಿ, ಮೈ ಜುಂ ಅನ್ನುತ್ತದೆ. ಅದೇ ಹಾರಾಟ, ಆದರೆ ದೇವರ ಕಡೆಗೆ. ಚಿಕ್ಕಂದಿನಲ್ಲಿ ಪೆಂಟಕಾಸ್ಟಲ್ ಚರ್ಚುಗಳಲ್ಲಿ ಹಾಡಿಕೊಂಡು ಬೆಳೆದವನು. ದನಿ ಅಷ್ಟು ದೊಡ್ಡದು ಅಂತ ಅವನಿಗೆ 'ವಾರ್ ಹಾಕ್' ಅಂತ ಅಡ್ಡಹೆಸರು.

1947ರಲ್ಲಿ ಮೇಕನ್ ಸಿಟಿ ಆಡಿಟೋರಿಯಂಗೆ ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಂದಿದ್ದರು. ಗಿಟಾರ್ ಹಿಡಿದು ದೇವರ ಹಾಡು ಹಾಡುತ್ತಿದ್ದ ದೊಡ್ಡ ಗಾಯಕಿ. 14 ವರ್ಷದ ರಿಚರ್ಡ್ ಅದೇ ಆಡಿಟೋರಿಯಂನಲ್ಲಿ ಕೋಕಾ ಕೋಲಾ ಮಾರುತ್ತಿದ್ದ. ಕಚೇರಿಗೆ ಮುಂಚೆ ಅವರದೇ ಹಾಡನ್ನು ಅವರ ಕಿವಿಗೆ ಬೀಳುವ ಹಾಗೆ ಹಾಡಿದ. ಅವರು ಕರೆದು ವೇದಿಕೆ ಮೇಲೆ ಹಾಡಿಸಿದರು, ಕೈಗೆ ದುಡ್ಡನ್ನೂ ಕೊಟ್ಟರು. ಅವನ ಮೊದಲ ಸಂಬಳ ದೇವರ ಹಾಡಿಗೇ ಸಿಕ್ಕಿದ್ದು.

ಹಾಗಾಗಿ 1957ರಲ್ಲಿ ಅವನು ಏನನ್ನೋ ಎಸೆದು ಹೋದ ಅಂತ ನಾನು ನೋಡುವುದಿಲ್ಲ. ಮನೆಗೆ ವಾಪಸ್ ಹೋದ. 1962ರಲ್ಲಿ ಕ್ವಿನ್ಸಿ ಜೋನ್ಸ್ ಜೊತೆ ಮಾಡಿದ ಗಾಸ್ಪೆಲ್ ಆಲ್ಬಂ ಕೇಳಿ. ಕಿರುಚುವುದಿಲ್ಲ. ದನಿ ಎಷ್ಟು ಅಗಲ, ಎಷ್ಟು ತುಂಬಿಕೊಂಡಿದೆ! ನನ್ನ ಮಟ್ಟಿಗೆ ಅವನ ಅತ್ಯಂತ ಒಳ್ಳೆಯ ಹಾಡುಗಾರಿಕೆ ಅದೇ.

ಹಳೇಕ್ಯಾಸೆಟ್

ಆ ಆಲ್ಬಂ ನಾನು ಇವತ್ತಿನವರೆಗೂ ಕೇಳಿಲ್ಲ. ರಾಕ್ ಅಲ್ಲ ಅಂತ ಬಿಟ್ಟಿದ್ದೆ. ರಾತ್ರಿ ಕೇಳುತ್ತೇನೆ.

ಮಳೆಬಿಲ್ಲು_ಧಾರವಾಡ

ಕ್ವಯರ್_ಹುಡುಗಿ ಹೇಳಿದ್ದು ಚೆನ್ನಾಗಿದೆ. ಆದರೆ ಆ ಮನೆ ಅವನಿಗೆ ನೆಮ್ಮದಿಯ ಮನೆ ಆಗಿರಲಿಲ್ಲ. ಇದನ್ನು ಬಿಟ್ಟು ಮಾತಾಡಿದರೆ ಅರ್ಧ ಕಥೆ ಆಗುತ್ತದೆ.

ಅವನು ಕೆಲವು ಸಲ ತಾನು ಸಲಿಂಗಿ ಅಂತ ಬಾಯಿಬಿಟ್ಟು ಹೇಳಿದ್ದಾನೆ. ಇನ್ನು ಕೆಲವು ಸಲ ಅದು ಪಾಪ, ಅದರಿಂದ ಹೊರಗೆ ಬಂದೆ ಅಂದಿದ್ದಾನೆ. 2017ರ ಸಂದರ್ಶನದಲ್ಲೂ ಹಾಗೇ ಅಂದ. ನಾನೂ ಸಲಿಂಗಿ. ಅದನ್ನು ಕೇಳಿದ ದಿನ ನನಗೆ ತುಂಬಾ ನೋವಾಯಿತು. ಹದಿನಾರನೇ ವಯಸ್ಸಿನಲ್ಲಿ ನನಗೆ ಧೈರ್ಯ ಕೊಟ್ಟ ಮುಖ ಅದು. ಆ ಕಾಡಿಗೆ, ಆ ಕುಣಿತ, ನನ್ನನ್ನು ನೋಡಿ ಅನ್ನುವ ಆ ನಿಲುವು. ಅದೇ ಬಾಯಿಂದ ಆ ಮಾತು ಬಂತು.

ಅವನ ಮೇಲೆ ಕೋಪ ಇಟ್ಟುಕೊಳ್ಳಲು ನನಗೆ ಆಗುವುದಿಲ್ಲ. ಅಪ್ಪನೇ ಹೊರಗೆ ಹಾಕಿದ ಹುಡುಗ. ಎಪ್ಪತ್ತರ ದಶಕದಲ್ಲಿ ಮಾದಕ ದ್ರವ್ಯಕ್ಕೆ ಬಿದ್ದ, ತಮ್ಮ ತೀರಿಕೊಂಡ, 1977ರಲ್ಲಿ ಮತ್ತೆ ಎಲ್ಲ ಬಿಟ್ಟು ಚರ್ಚಿಗೆ ಓಡಿದ, ಬೈಬಲ್ ಮಾರಿದ. 1986ರ ಹೊತ್ತಿಗೆ ಮತ್ತೆ ಸಿನಿಮಾ, ಮತ್ತೆ ಹಾಡು. ಇದನ್ನು ಬರೀ ಚಂಚಲ ಬುದ್ಧಿ ಅಂತ ಕರೆಯಬೇಡಿ. ಒಂದು ಕಡೆ ಹೋದರೆ ಇನ್ನೊಂದು ಕಡೆ ಸುಡುತ್ತಿತ್ತು. 2023ರಲ್ಲಿ ಲಿಸಾ ಕೊರ್ಟೆಸ್ ಮಾಡಿದ ಸಾಕ್ಷ್ಯಚಿತ್ರದಲ್ಲಿ ಈ ಸುಡುವಿಕೆಯನ್ನು ಮುಚ್ಚಿಡದೆ ತೋರಿಸಿದ್ದಾರೆ. ನೋಡಿ.

ಕ್ವಯರ್_ಹುಡುಗಿ

ನೀವು ಹೇಳಿದ್ದು ಸರಿ. ನಾನು ಹಾಡಿನ ಕಡೆಯಿಂದ ಮಾತ್ರ ನೋಡಿದೆ. ಇದನ್ನು ಬರೆದಿದ್ದಕ್ಕೆ ಧನ್ಯವಾದ.

ಪಂಚಗನಿ_ಹಾದಿ

ಯಾರೂ ಹೇಳದ ಒಂದು ನಂಟು ಹೇಳುತ್ತೇನೆ. ಐವತ್ತರ ದಶಕದ ಕೊನೆಯಲ್ಲಿ ಪಂಚಗನಿಯ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಯಲ್ಲಿ ಹುಡುಗರ ಒಂದು ಬ್ಯಾಂಡ್ ಇತ್ತು. ಹೆಸರು 'ದಿ ಹೆಕ್ಟಿಕ್ಸ್'. ಅವರು ಬಾರಿಸುತ್ತಿದ್ದ ಹಾಡುಗಳಲ್ಲಿ ಲಿಟಲ್ ರಿಚರ್ಡ್‌ನವೂ ಇದ್ದವು. ಪಿಯಾನೋ ಮುಂದೆ ಇದ್ದ ಪಾರ್ಸಿ ಹುಡುಗ ಫರೂಖ್ ಬುಲ್ಸಾರಾ. ಮುಂದೆ ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಆದವನು. ಮೇಕನ್‌ನ ತಟ್ಟೆ ತೊಳೆಯುವ ಅಡುಗೆಮನೆಯಿಂದ ಸಹ್ಯಾದ್ರಿ ಬೆಟ್ಟದ ಶಾಲೆಯವರೆಗೆ ಆ ದನಿ ಬಂದಿತ್ತು.

1962ರ ಇಂಗ್ಲೆಂಡ್ ಪ್ರವಾಸವನ್ನೂ ಹೇಳಬೇಕು. ರಿಚರ್ಡ್ ದೇವರ ಹಾಡು ಮಾತ್ರ ಹಾಡುತ್ತೇನೆ ಅಂತ ಹೋಗಿದ್ದ. ಜೊತೆಗೆ ಆರ್ಗನ್ ಬಾರಿಸಲು 16 ವರ್ಷದ ಬಿಲ್ಲಿ ಪ್ರೆಸ್ಟನ್. ಡಾಂಕಾಸ್ಟರ್‌ನ ಮೊದಲ ಆಟದಲ್ಲಿ ಗಾಸ್ಪೆಲ್ ಹಾಡಿದ. ಜನ ಮುಖ ಸಿಂಡರಿಸಿದರು. ಎರಡನೇ ಆಟಕ್ಕೆ ಇನ್ನೊಬ್ಬ ಅಮೆರಿಕನ್ ಗಾಯಕ ಸ್ಯಾಮ್ ಕುಕ್ ಬಂದು ಸಭೆಯನ್ನು ಗೆದ್ದ. ಆಮೇಲೆ ಬಂದ ರಿಚರ್ಡ್ 'ಲಾಂಗ್ ಟಾಲ್ ಸ್ಯಾಲಿ' ಎತ್ತಿಕೊಂಡ. ಐದು ವರ್ಷದ ವ್ರತ ಮುರಿಯಿತು.

ಅದೇ ವರ್ಷ ಅಕ್ಟೋಬರ್ 12ಕ್ಕೆ ಲಿವರ್‌ಪೂಲ್ ಹತ್ತಿರದ ನ್ಯೂ ಬ್ರೈಟನ್‌ನಲ್ಲಿ ಅವನಿಗಿಂತ ಮೊದಲು ಹಾಡಿದವರಲ್ಲಿ ಬೀಟಲ್ಸ್ ಇದ್ದರು. ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್‌ನಲ್ಲಿ ಮತ್ತೆ ಜೊತೆಯಾದರು. ಪಾಲ್ ಮೆಕಾರ್ಟ್ನಿ ಆ 'ವೂ' ಹತ್ತಿರದಿಂದ ನೋಡಿದ್ದು ಆಗ. 1966ರ ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀಟಲ್ಸ್ ಕೊನೆಯ ಕಚೇರಿ ಮುಗಿಸಿದ್ದು 'ಲಾಂಗ್ ಟಾಲ್ ಸ್ಯಾಲಿ' ಹಾಡಿ. ಮಧ್ಯದಲ್ಲಿ, 1964-65ರಲ್ಲಿ, ಜಿಮಿ ಹೆಂಡ್ರಿಕ್ಸ್ ಇವನ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದ.

ಅಟ್ಲಾಂಟಾ_ಕನ್ನಡತಿ

ಗಾಯಕ ಓಟಿಸ್ ರೆಡ್ಡಿಂಗ್ ಕೂಡ ಮೇಕನ್‌ನಲ್ಲೇ ಬೆಳೆದವನು. ಶುರುವಿನಲ್ಲಿ ರಿಚರ್ಡ್ ಥರವೇ ಹಾಡುತ್ತಿದ್ದ. ರಿಚರ್ಡ್ ಬಿಟ್ಟು ಹೋದ ಮೇಲೆ 'ಅಪ್‌ಸೆಟರ್ಸ್' ಜೊತೆ ಸ್ವಲ್ಪ ಕಾಲ ಹಾಡಿದ. 1989ರಲ್ಲಿ ಓಟಿಸ್‌ನನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಆ ಕೆಲಸ ಮಾಡಿದ್ದು ರಿಚರ್ಡ್. ಮೇಕನ್ ನದಿ ದಂಡೆಯಲ್ಲಿ ಓಟಿಸ್ ಪ್ರತಿಮೆ ಇದೆ. ನೋಡಿ ಬಂದೆ.

ಹೊಸಕೇಳುಗ

ವಿಡಿಯೋ ಮತ್ತೆ ನೋಡಿದೆ. ಈ ಸಲ ಧ್ವನಿ ಬಂದ್ ಮಾಡಿ ಮುಖ ಮಾತ್ರ ನೋಡಿದೆ. ಹಾಡುವಾಗ ಕಣ್ಣು ಎಲ್ಲೋ ಮೇಲೆ ಇರುತ್ತದೆ. ಜನರನ್ನು ನೋಡುವುದು ಹಾಡು ನಿಂತಾಗ ಮಾತ್ರ.

ಹಳೇಕ್ಯಾಸೆಟ್

ರಾತ್ರಿ ಆ 1962ರ ಆಲ್ಬಂ ಕೇಳಿದೆ. ಎರಡು ಸಲ ಕೇಳಿದೆ. ಆಮೇಲೆ 'ಲೂಸಿಲ್' ಹಾಕಿದೆ.

ಮೂವತ್ತು ವರ್ಷದಿಂದ ನನ್ನ ತಲೆಯಲ್ಲಿ ಎರಡು ರಿಚರ್ಡ್ ಇದ್ದರು. ಒಬ್ಬನನ್ನು ಇನ್ನೊಬ್ಬ ಹಾಳು ಮಾಡಿದ ಅಂತ ನಾನು ಕೋಪ ಇಟ್ಟುಕೊಂಡಿದ್ದೆ. ನಿನ್ನೆ ರಾತ್ರಿ ಒಂದರ ಹಿಂದೆ ಒಂದು ಕೇಳಿದಾಗ ಅದೇ ಉಸಿರು ಸಿಕ್ಕಿತು. 'ಲೂಸಿಲ್'ನಲ್ಲಿ ವಾದ್ಯಗಳು ನಿಂತು ಅವನೊಬ್ಬನೇ ಹಾಡುವ ಆ ಎರಡು ಕ್ಷಣ ಇದೆಯಲ್ಲ, ಚರ್ಚಿನಲ್ಲಿ ಒಬ್ಬಳು ಹೆಂಗಸು ಎದ್ದು ನಿಂತು ಹಾಡುವ ಹಾಗೇ ಇದೆ. ಯಾಕೆ ಬಿಟ್ಟ ಅನ್ನುವ ಪ್ರಶ್ನೆ ಇನ್ನು ನನಗೆ ಬೇಕಾಗಿಲ್ಲ. ಅವನು ಏನನ್ನೂ ಬಿಟ್ಟಿರಲಿಲ್ಲ.

ಅಟ್ಲಾಂಟಾ ಅವರೇ, ಅವನ ಸಮಾಧಿ ಎಲ್ಲಿದೆ, ಮೇಕನ್‌ನಲ್ಲೇ?

ಅಟ್ಲಾಂಟಾ_ಕನ್ನಡತಿ

ಅಲ್ಲ. ಹಂಟ್ಸ್‌ವಿಲ್‌ನಲ್ಲಿ, ಅವನು ಓದಲು ಸೇರಿದ್ದ ಅದೇ ಓಕ್‌ವುಡ್‌ನ ಸ್ಮಶಾನದಲ್ಲಿ. ಇಲ್ಲಿಂದ ಮೂರೂವರೆ ಗಂಟೆಯಷ್ಟು ದಾರಿ. ಮುಂದಿನ ತಿಂಗಳು ರಜೆ ಇದೆ, ಹೋಗಬೇಕು ಅಂತಿದ್ದೇನೆ. ಹೋಗುವಾಗ ಕಾರಿನಲ್ಲಿ ಮೊದಲು ಗಾಸ್ಪೆಲ್, ಬರುವಾಗ 'ಲೂಸಿಲ್'. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.